ಬಳಕೆದಾರ ಅನುಭವ ವಿನ್ಯಾಸದಲ್ಲಿ ಮಹಿಳೆಯರು

ಒಂದು ವಸ್ತುವನ್ನೋ ಸೇವೆಯನ್ನೋ ಬಳಸುವವರಿಗೆ ಅದು ಹೇಗೆ ಕಾಣಬೇಕು, ಯಾವುದು ಮೊದಲು ಕೈಗೆ ಸಿಗಬೇಕು, ತಪ್ಪಾಗಿ ಒತ್ತಿದರೆ ಹಿಂದಕ್ಕೆ ಬರುವುದು ಹೇಗೆ ಎಂಬುದನ್ನೆಲ್ಲ ಮುಂಚಿತವಾಗಿ ಯೋಚಿಸಿ ರೂಪಿಸುವ ಕೆಲಸಕ್ಕೆ ಬಳಕೆದಾರ ಅನುಭವ ವಿನ್ಯಾಸ ಎಂದು ಹೆಸರು. ಕಚೇರಿಗಳಲ್ಲಿ ಯಾರೂ ಇಷ್ಟುದ್ದ ಹೇಳುವುದಿಲ್ಲ, ‘ಯುಎಕ್ಸ್’ ಅನ್ನುತ್ತಾರೆ. ಮೊಬೈಲಿನಲ್ಲಿ ಗ್ಯಾಸ್ ಸಿಲಿಂಡರ್ ಬುಕ್ ಮಾಡುವಾಗ ಎಲ್ಲಿ ಒತ್ತಬೇಕೆಂದು ತಡಕಾಡದೆ ಕೆಲಸ ಮುಗಿದರೆ ಅದರ ಹಿಂದೆ ಒಬ್ಬ ಯುಎಕ್ಸ್ ಡಿಸೈನರ್ ಇದ್ದಾರೆ ಎಂದು ತಿಳಿಯಬೇಕು. ತಡಕಾಡಬೇಕಾಗಿ ಬಂದರೂ ಇದ್ದಿರಬಹುದು. ಮೀಟಿಂಗಿನಲ್ಲಿ ಅವರ ಮಾತು ನಡೆದಿರಲಿಕ್ಕಿಲ್ಲ.

ಹೆಸರು ಹೊಸದು. ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ 1993ರಲ್ಲಿ ಆ್ಯಪಲ್ ಕಂಪನಿ ಸೇರಿ ‘ಯೂಸರ್ ಎಕ್ಸ್‌ಪೀರಿಯನ್ಸ್ ಆರ್ಕಿಟೆಕ್ಟ್’ ಎಂಬ ಹುದ್ದೆಯ ಹೆಸರು ಇಟ್ಟುಕೊಂಡ ಮೇಲೆ ಈ ಪದ ಚಾಲ್ತಿಗೆ ಬಂತು. ಕೆಲಸ ಮಾತ್ರ ಬಹಳ ಹಳೆಯದು. ಹೆಸರಿಲ್ಲದ ಕಾಲದಲ್ಲೇ ಅದನ್ನು ಮಾಡುತ್ತಿದ್ದವರಲ್ಲಿ ಹೆಂಗಸರು ಎದ್ದು ಕಾಣುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೆಂದರೆ, ಇನ್ನೊಬ್ಬರ ಕಷ್ಟ ಹೆಣ್ಣಿಗೆ ಸಹಜವಾಗಿಯೇ ಅರ್ಥವಾಗುತ್ತದೆ ಎಂಬುದು. ಕೇಳಲು ಹೊಗಳಿಕೆಯಂತಿರುವ ಈ ಮಾತಿನಿಂದ ವೃತ್ತಿಗೆ ಉಪಕಾರವಾಗಿಲ್ಲ. ಹುಟ್ಟಿನಿಂದ ಬಂದ ಗುಣಕ್ಕೆ ಯಾರೂ ಸಂಬಳ ಏರಿಸುವುದಿಲ್ಲ. ಈ ಮಹಿಳೆಯರು ಮಾಡಿದ ಕೆಲಸವನ್ನು ಬಿಡಿಬಿಡಿಯಾಗಿ ನೋಡಿದರೆ ಕಾಣುವುದು ಅಳತೆ, ಎಣಿಕೆ, ಪ್ರಶ್ನೆ ಕೇಳುವ ಕ್ರಮ, ಸುಮ್ಮನೆ ಕೂತು ನೋಡುವ ತಾಳ್ಮೆ. ಎಲ್ಲವೂ ಕಲಿತು ಬಂದ ವಿದ್ಯೆಗಳೇ.

ಅಡುಗೆಮನೆಯಿಂದ ಆರಂಭ

ಲಿಲಿಯನ್ ಗಿಲ್‌ಬ್ರೆತ್ (1878–1972) ಅಮೆರಿಕದ ಕೈಗಾರಿಕಾ ಮನೋವಿಜ್ಞಾನಿ. 1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಪತಿ ಫ್ರಾಂಕ್ ಜೊತೆ ಸೇರಿ ಕಾರ್ಖಾನೆಯ ಕೆಲಸಗಾರರ ಕೈಚಲನೆಗಳನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು, ಯಾವ ಚಲನೆ ಬೇಕು ಯಾವುದು ದಂಡ ಎಂದು ಲೆಕ್ಕ ಹಾಕುತ್ತಿದ್ದರು. 1924ರಲ್ಲಿ ಫ್ರಾಂಕ್ ಇದ್ದಕ್ಕಿದ್ದಂತೆ ತೀರಿಕೊಂಡಾಗ ಮನೆಯಲ್ಲಿ 11 ಮಕ್ಕಳು. ದಂಪತಿಗಳ ಜೊತೆ ಕರಾರು ಮಾಡಿಕೊಂಡಿದ್ದ ಕಂಪನಿಗಳಿಗೆ ಹೆಂಗಸೊಬ್ಬಳೇ ಬಂದು ಕಾರ್ಖಾನೆಯ ಬಗ್ಗೆ ಸಲಹೆ ಕೊಡುವುದು ರುಚಿಸಲಿಲ್ಲ. ಕರಾರುಗಳು ಒಂದೊಂದಾಗಿ ಕೈತಪ್ಪಿದವು. ಹೆಂಗಸಿನ ಮಾತಿಗೆ ಬೆಲೆಯಿರುವ ಜಾಗ ಯಾವುದೆಂದು ಹುಡುಕಿದಾಗ ಅವರಿಗೆ ಸಿಕ್ಕಿದ್ದು ಹೆಂಗಸರೇ ಬಳಸುವ ವಸ್ತುಗಳು, ಮುಖ್ಯವಾಗಿ ಅಡುಗೆಮನೆ.

ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 1926ರಲ್ಲಿ ಸ್ಯಾನಿಟರಿ ನ್ಯಾಪ್‌ಕಿನ್ ಕುರಿತು ಅಧ್ಯಯನ ಮಾಡಿಕೊಡಲು ಅವರನ್ನು ಕೇಳಿತು. ಗಿಲ್‌ಬ್ರೆತ್ ಸಾವಿರಕ್ಕೂ ಹೆಚ್ಚು ಹೆಂಗಸರ ಅಭಿಪ್ರಾಯ ಸಂಗ್ರಹಿಸಿದರು. ಬಾಯಿ ಬಿಟ್ಟು ಹೇಳಲು ಎಲ್ಲರೂ ಸಂಕೋಚಪಡುತ್ತಿದ್ದ ವಿಷಯದಲ್ಲಿ, ಬಳಸುವವರನ್ನೇ ಕೇಳಿ ವಸ್ತುವನ್ನು ತಿದ್ದುವ ಕ್ರಮಕ್ಕೆ ಇದೊಂದು ಮೊದಮೊದಲ ಉದಾಹರಣೆ. ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ 4,000ಕ್ಕೂ ಹೆಚ್ಚು ಮಹಿಳೆಯರನ್ನು ಮಾತಾಡಿಸಿ, ಒಲೆ, ಸಿಂಕ್, ಕಟ್ಟೆಗಳು ಎಷ್ಟು ಎತ್ತರವಿದ್ದರೆ ಸೊಂಟ ಬಾಗುವುದಿಲ್ಲ ಎಂದು ಗೊತ್ತುಮಾಡಿದರು. ಕಾಲಿನಿಂದ ಒತ್ತಿದರೆ ಮುಚ್ಚಳ ತೆರೆದುಕೊಳ್ಳುವ ಕಸದಬುಟ್ಟಿ, ಫ್ರಿಜ್ಜಿನ ಬಾಗಿಲೊಳಗಿನ ಅಡ್ಡಹಲಗೆ ಇವೆರಡೂ ಅವರ ಹೆಸರಿನೊಂದಿಗೆ ಸೇರಿಕೊಂಡಿವೆ. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ.

ಅದೇ ಹೊತ್ತಿಗೆ ಯೂರೋಪಿನಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟ್ ಷೂಟೆ-ಲಿಹೋಟ್ಸ್‌ಕಿ 1926ರಲ್ಲಿ ‘ಫ್ರಾಂಕ್‌ಫರ್ಟ್ ಅಡುಗೆಮನೆ’ಯನ್ನು ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕಿರುಕೋಣೆ. ರೈಲಿನ ಊಟದ ಬೋಗಿಯ ಅಡುಗೆಮನೆಯೇ ಅದಕ್ಕೆ ಮಾದರಿ. ಅಕ್ಕಿ ಮೊದಲಾದ ದಿನಸಿಗೆ ಹಿಡಿಯಿರುವ ಅಲ್ಯೂಮಿನಿಯಂ ಡಬ್ಬಗಳು, ಕೂತು ಹೆಚ್ಚಲು ಒಂದು ಸ್ಟೂಲು. ನಗರಸಭೆ ಕಟ್ಟಿಸಿದ ಸುಮಾರು 10,000 ಮನೆಗಳಲ್ಲಿ ಇದನ್ನು ಅಳವಡಿಸಲಾಯಿತು. ಹೆಣ್ಣಾದ್ದರಿಂದ ಅಡುಗೆಮನೆ ಅವರಿಗೆ ಗೊತ್ತಿತ್ತು ಎಂದುಕೊಂಡವರೇ ಹೆಚ್ಚು. ಅದನ್ನು ರೂಪಿಸುವ ಮುಂಚೆ ತಾನು ಅಡುಗೆಯನ್ನೇ ಮಾಡಿರಲಿಲ್ಲ, ಮನೆ ನಡೆಸಿಯೂ ಇರಲಿಲ್ಲ ಎಂದು ಲಿಹೋಟ್ಸ್‌ಕಿ ಮುಪ್ಪಿನಲ್ಲಿ ಹೇಳಿಕೊಂಡರು. ಗಡಿಯಾರ ಹಿಡಿದು ಹೆಜ್ಜೆ ಎಣಿಸಿದ ವಾಸ್ತುಶಿಲ್ಪಿಯ ಕೆಲಸ ಅದು.

ಕಂಪ್ಯೂಟರಿನ ಪರದೆ

ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ 1950ರ ದಶಕದಲ್ಲಿ, ಲೆಕ್ಕಪತ್ರದ ಗುಮಾಸ್ತರಿಗೂ ಓದಲು ಬರುವಂಥ ಇಂಗ್ಲಿಷ್ ಪದಗಳಲ್ಲೇ ಕಂಪ್ಯೂಟರಿಗೆ ಆದೇಶ ಕೊಡಬಹುದೆಂದು ಹಟ ಹಿಡಿದು ಫ್ಲೋಮ್ಯಾಟಿಕ್ ಭಾಷೆಯನ್ನು ಕಟ್ಟಿದರು. ಕೋಬಾಲ್ ಭಾಷೆ ಬೆಳೆದದ್ದು ಅದರ ಬುಡದಿಂದ. ಆದರೆ ಪರದೆಯ ಮೇಲೆ ಚಿತ್ರ, ಕಿಟಕಿ, ಜೊತೆಗೆ ಮೌಸ್ ಎಲ್ಲ ಒಟ್ಟಿಗೆ ಕೂಡಿಬಂದದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ. ಅಲ್ಲಿ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯನ್ನು ಕಟ್ಟಿದ ತಂಡದಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಮುಖ್ಯರು. 1979ರಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ತಮ್ಮ ತಂಡದೊಡನೆ ಅದನ್ನು ನೋಡಲು ಬಂದಾಗ ತೋರಿಸಲಾಗದೆಂದು ವಾದಿಸಿದವರು ಅವರು. ತಮ್ಮ ಪ್ರಯೋಗಾಲಯದ ಬಂಡವಾಳವೆಲ್ಲ ಬೇರೆಯವರ ಪಾಲಾಗುತ್ತದೆ ಎಂಬುದು ಅವರ ಆತಂಕ. ಮೇಲಿನವರು ಅಪ್ಪಣೆ ಮಾಡಿದ ಮೇಲಷ್ಟೇ ತೋರಿಸಿದರು. ಆ ಯೋಚನೆಗಳು ಮುಂದೆ ಆ್ಯಪಲ್‌ನ ಕಂಪ್ಯೂಟರುಗಳಲ್ಲಿ ಕಾಣಿಸಿಕೊಂಡವು.

ಆ್ಯಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಮುಖ ಕೊಟ್ಟವರು ಸೂಸನ್ ಕೇರ್. ಇವರು ಕಂಪ್ಯೂಟರ್ ಕಲಿತವರಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದ್ದ ಕಲಾವಿದೆ. ಮ್ಯಾಕಿಂಟಾಷ್ ತಂಡದಲ್ಲಿದ್ದ ಹೈಸ್ಕೂಲಿನ ಗೆಳೆಯ ಆಂಡಿ ಹರ್ಟ್ಸ್‌ಫೆಲ್ಡ್ ಚಿತ್ರಗಳು ಬೇಕೆಂದು ಕರೆದಾಗ, ಎರಡೂವರೆ ಡಾಲರಿನ ಒಂದು ಚೌಕುಳಿ ಹಾಳೆಯ ಪುಸ್ತಕ ಕೊಂಡರು. ಉದ್ದಕ್ಕೆ 32, ಅಡ್ಡಕ್ಕೆ 32 ಮನೆ ಗುರುತು ಮಾಡಿಕೊಂಡು, ಆ 1,024 ಮನೆಗಳಲ್ಲಿ ಯಾವುದಕ್ಕೆ ಕಪ್ಪು ತುಂಬಬೇಕು, ಯಾವುದನ್ನು ಬಿಡಬೇಕು ಎಂದು ಪೆನ್ಸಿಲಿನಲ್ಲೇ ನಿರ್ಧರಿಸುತ್ತ ಹೋದರು. 1984ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರದ ನಗುಮುಖದ ಕಂಪ್ಯೂಟರ್, ಕಸದಬುಟ್ಟಿ, ಬತ್ತಿ ಹೊತ್ತಿದ ಬಾಂಬು ಎಲ್ಲ ಹೀಗೆ ಮೂಡಿದವು. ಮೆನುಗಳಲ್ಲಿ ಸೇಬಿನ ಗುರುತು ಅತಿಯಾಯಿತೆಂದು ಜಾಬ್ಸ್ ತಕರಾರು ತೆಗೆದಾಗ ಕೇರ್ ಚಿಹ್ನೆಗಳ ನಿಘಂಟು ತಿರುವಿಹಾಕಿ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳನ್ನು ತೋರಿಸಲು ಬಳಸುವ, ನಾಲ್ಕು ಮೂಲೆಯಲ್ಲೂ ಕುಣಿಕೆಯಿರುವ ಚೌಕವೊಂದನ್ನು ಆರಿಸಿದರು. ಇಂದಿಗೂ ಮ್ಯಾಕ್ ಕೀಬೋರ್ಡಿನ ಕಮಾಂಡ್ ಕೀಲಿಯ ಮೇಲಿರುವುದು ಅದೇ. ಚುಕ್ಕಿಗಳಿಂದ ಚಿತ್ರ ಕಟ್ಟುವುದು ಸೂಜಿಕಸೂತಿ ಮತ್ತು ಮೊಸಾಯಿಕ್ ಕೆಲಸದಂತೆಯೇ ಎಂಬುದು ಕೇರ್ ಅವರ ಅಭಿಪ್ರಾಯ. ಧಾರವಾಡದ ಕಡೆ ಇಳಕಲ್ ಸೀರೆಯ ಎಳೆ ಎಣಿಸಿ ಗವಂತಿ, ಮುರಗಿ ಕಸೂತಿ ಹಾಕಿದ ಕೈಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಂಡೋಸ್ 3.0ರ (1990) ಸಾಲಿಟೇರ್ ಆಟದ ಇಸ್ಪೀಟೆಲೆಗಳನ್ನು ಬರೆದವರೂ ಇವರೇ. ಕಚೇರಿಗಳಲ್ಲಿ ಆ ಎಲೆಗಳು ತಿಂದ ಹೊತ್ತಿಗೆ ಲೆಕ್ಕವಿಲ್ಲ.

ಕೇರ್ ಪರದೆಯನ್ನು ತಿದ್ದಿದರೆ, ಲೂಸಿ ಸುಚ್‌ಮನ್ ಪರದೆಯ ಮುಂದೆ ಕೂತವರನ್ನು ನೋಡುವ ದೃಷ್ಟಿಯನ್ನೇ ತಿದ್ದಿದರು. ಮಾನವಶಾಸ್ತ್ರದ ವಿದ್ಯಾರ್ಥಿನಿಯಾಗಿ ಪಾರ್ಕ್ ಸೇರಿದ ಇವರ ಮುಂದೆ ಬಂದದ್ದು ಜೆರಾಕ್ಸ್‌ನ ಹೊಸ ನಕಲು ಯಂತ್ರ. ಹಸಿರು ಗುಂಡಿ ಒತ್ತಿದರೆ ಸಾಕು ಎಂದು ಜಾಹೀರಾತು ಹೇಳುತ್ತಿತ್ತು; ಕೊಂಡವರು ಕಷ್ಟ ಕಷ್ಟ ಎಂದು ದೂರುತ್ತಿದ್ದರು. ಸುಚ್‌ಮನ್ ಕ್ಯಾಮೆರಾ ಇಟ್ಟು, ಯಂತ್ರದ ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿದರು. ಒಬ್ಬರೇ ಇದ್ದರೆ ಮನಸ್ಸಿನಲ್ಲೇ ಗೊಣಗುತ್ತಾರೆ. ಇಬ್ಬರಿದ್ದರೆ ಗೊಂದಲ ಮಾತಾಗಿ ಹೊರಬರುತ್ತದೆ. ಹಾಗೆ ನಿಂತು ಎರಡೂ ಬದಿಯ ನಕಲು ತೆಗೆಯಲು ಪರದಾಡಿದ ಒಂದು ಜೋಡಿಯಲ್ಲಿ ಕೃತಕ ಬುದ್ಧಿಮತ್ತೆಯ ಆದ್ಯರಲ್ಲೊಬ್ಬರಾದ ಅಲೆನ್ ನ್ಯೂವೆಲ್ ಇದ್ದರು. ಅಂಥವರೇ ಸೋತ ಮೇಲೆ ಬಳಸುವವರಿಗೆ ಬುದ್ಧಿ ಸಾಲದು ಎಂಬ ಸಬೂಬು ನಿಲ್ಲಲಿಲ್ಲ. ಮನುಷ್ಯರು ಮೊದಲೇ ಹಾಕಿಕೊಂಡ ಯೋಜನೆಯಂತೆ ಹೆಜ್ಜೆ ಇಡುವುದಿಲ್ಲ, ಆ ಕ್ಷಣದ ಸಂದರ್ಭ ನೋಡಿಕೊಂಡು ನಡೆಯುತ್ತಾರೆ ಎಂಬ ಅವರ ವಾದ 1987ರಲ್ಲಿ ‘ಪ್ಲಾನ್ಸ್ ಅಂಡ್ ಸಿಚುಯೇಟೆಡ್ ಆ್ಯಕ್ಷನ್ಸ್’ ಎಂಬ ಪುಸ್ತಕವಾಯಿತು. ಇವತ್ತು ಯೂಸರ್ ರಿಸರ್ಚ್ ಎಂದು ಕರೆಯುವ ಕೆಲಸದ ಬೇರು ಹೆಚ್ಚಾಗಿ ಇಲ್ಲಿದೆ.

ಈ ಸಾಲಿನಲ್ಲಿ ಇನ್ನೂ ಕೆಲವರಿದ್ದಾರೆ. ಜಾಯ್ ಮೌಂಟ್‌ಫರ್ಡ್ 1986ರಿಂದ ಆ್ಯಪಲ್‌ನ ಹ್ಯೂಮನ್ ಇಂಟರ್‌ಫೇಸ್ ತಂಡವನ್ನು ನಡೆಸಿದರು. ರಂಗಭೂಮಿಯಿಂದ ಬಂದ ಬ್ರೆಂಡಾ ಲಾರೆಲ್ 1991ರಲ್ಲಿ ‘ಕಂಪ್ಯೂಟರ್ಸ್ ಆ್ಯಸ್ ಥಿಯೇಟರ್’ ಬರೆದರು. ಕೆಲಸ ನಡೆಯುವ ಜಾಗಕ್ಕೇ ಹೋಗಿ, ಕೆಲಸಗಾರರ ಪಕ್ಕದಲ್ಲಿ ಕೂತು ಕಲಿಯುವ ವಿಧಾನವನ್ನು ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ಶಾಸ್ತ್ರಕ್ಕೆ ಇಳಿಸಿದರು. ಮಾನವಶಾಸ್ತ್ರಜ್ಞೆ ಜೆನೆವೀವ್ ಬೆಲ್ 1998ರಲ್ಲಿ ಇಂಟೆಲ್ ಸೇರಿ, ಚಿಪ್ ಮಾಡುವ ಕಂಪನಿಗೆ ಮನೆಗಳ ಒಳಗು ಹೇಗಿರುತ್ತದೆಂದು ತಿಳಿಸಿಕೊಟ್ಟರು.

ಭಾರತದಲ್ಲಿ

ಇಲ್ಲಿ ವಿನ್ಯಾಸ ಶಿಕ್ಷಣಕ್ಕೆ ಅಡಿಪಾಯ ಹಾಕಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್ಐಡಿ (1961) ಮತ್ತು ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಐಡಿಸಿ (1969). ಬೆಂಗಳೂರಿನಲ್ಲಿ ಗೀತಾ ನಾರಾಯಣನ್ 1996ರಲ್ಲಿ ಸೃಷ್ಟಿ ವಿನ್ಯಾಸ ಸಂಸ್ಥೆಯನ್ನು ಆರಂಭಿಸಿದರು. ಎನ್ಐಡಿಯ ಬೆಂಗಳೂರು ಆವರಣ 2006ರ ಹೊತ್ತಿಗೆ ಶುರುವಾಯಿತು. ಐಟಿ ಕಂಪನಿಗಳು ಮೊದಮೊದಲು ವಿದೇಶಿ ಗ್ರಾಹಕರು ಕಳಿಸಿದ ನಕ್ಷೆಯನ್ನು ಪರದೆಗೆ ಇಳಿಸುವುದನ್ನೇ ಡಿಸೈನ್ ಎನ್ನುತ್ತಿದ್ದವು. ಇಲ್ಲಿಯ ಬಳಕೆದಾರರನ್ನು ಕೇಳಬೇಕು ಎಂಬ ಮಾತು ತಡವಾಗಿ ಬಂತು. ಆ ಮಾತನ್ನು ತಂದವರಲ್ಲಿ ಮಹಿಳೆಯರು ಮುಂದಿದ್ದಾರೆ.

ಹ್ಯೂಮನ್ ಫ್ಯಾಕ್ಟರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯಲ್ಲಿದ್ದ ಅಪಲಾ ಲಾಹಿರಿ ಚವಾಣ್ ಎದುರಿಸಿದ ತೊಡಕು ನಮಗೆಲ್ಲ ಪರಿಚಿತವೇ. ವೆಬ್‌ಸೈಟ್ ಪರೀಕ್ಷೆಗೆಂದು ಕರೆಸಿದವರನ್ನು ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ಕರೆದು ಕಾಫಿ ಕೊಟ್ಟವರ ಮುಖಕ್ಕೆ ಹೊಡೆದಂತೆ ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಇದಕ್ಕೆ ಚವಾಣ್ ಕಂಡುಕೊಂಡ ಉಪಾಯ ‘ಬಾಲಿವುಡ್ ವಿಧಾನ’. ವಿಮಾನದ ಟಿಕೆಟ್ ಕಾದಿರಿಸುವ ಸೈಟನ್ನು ಪರೀಕ್ಷಿಸಬೇಕು ಅನ್ನಿ. ಟಿಕೆಟ್ ಬುಕ್ ಮಾಡಿ ಎಂದು ಬೋಳಾಗಿ ಹೇಳುವ ಬದಲು ಒಂದು ಕಥೆ ಹೇಳುತ್ತಾರೆ: ನಿಮ್ಮ ಅಣ್ಣನ ಮುದ್ದಿನ ಮಗಳಿಗೆ ಮದುವೆ ನಡೆಯುವುದರಲ್ಲಿದೆ. ವರ ಭೂಗತಲೋಕದ ಸುಪಾರಿ ಹಂತಕ ಎಂದು ಈಗಷ್ಟೇ ಗೊತ್ತಾಗಿದೆ. ಸಾಲದ್ದಕ್ಕೆ ಅವನಿಗೆ ಆಗಲೇ ಹೆಂಡತಿಯಿದ್ದಾಳೆ. ಸಾಕ್ಷಿ ನಿಮ್ಮ ಕೈಯಲ್ಲಿದೆ. ಆ ಹೆಂಡತಿಯನ್ನು ಕರೆದುಕೊಂಡು ಕೂಡಲೇ ಬೆಂಗಳೂರಿಗೆ ಹೊರಡಬೇಕು, ಟಿಕೆಟ್ ಮಾಡಿ! ಕಥೆಯೊಳಗೆ ಹೊಕ್ಕವರು ಮರ್ಯಾದೆ ಮರೆತು, ಗುಂಡಿ ಸಿಗದಿದ್ದಾಗ ಸೈಟಿಗೆ ಬಾಯಿ ತುಂಬ ಬೈದರು. ಬೇಕಾಗಿದ್ದದ್ದು ಅದೇ.

ಮೈಕ್ರೊಸಾಫ್ಟ್ ರಿಸರ್ಚ್ ಸಂಸ್ಥೆ 2005ರಲ್ಲಿ ಬೆಂಗಳೂರಿನಲ್ಲಿ ಪ್ರಯೋಗಾಲಯ ತೆರೆಯಿತು. ಅಲ್ಲಿ ಇಂದ್ರಾಣಿ ಮೇಧಿ ಅವರು ಸ್ತ್ರೀ ಜಾಗೃತಿ ಸಮಿತಿಯ ನೆರವಿನಿಂದ ನಗರದ ಕೊಳೆಗೇರಿಗಳಲ್ಲಿ ಮನೆಗೆಲಸ ಮಾಡುವ ಹೆಂಗಸರ ಜೊತೆ ಕೆಲಸ ಮಾಡಿದರು. ಕನ್ನಡ, ತಮಿಳು ಮಾತಾಡುವ, ಓದು ಬಾರದ ಇವರು ಕೆಲಸ ಹುಡುಕಿಕೊಳ್ಳಲು ಅಕ್ಷರವೇ ಇಲ್ಲದ ಪರದೆಯೊಂದನ್ನು ರೂಪಿಸುವುದು ಗುರಿ. ಅಂಕಿ ಇಟ್ಟುಕೊಳ್ಳಬಹುದಿತ್ತು, ಹಣ ಎಣಿಸುವವರಿಗೆಲ್ಲ ಅಂಕಿ ಗೊತ್ತು. ಉಳಿದದ್ದೆಲ್ಲ ಚಿತ್ರ ಮತ್ತು ದನಿ. ಚಿತ್ರ ಬರೆದುಬಿಟ್ಟರೆ ಆಯಿತು ಎಂದುಕೊಂಡದ್ದು ಸುಳ್ಳಾಯಿತು. ಸುಮ್ಮನೆ ನಲ್ಲಿ, ಪಾತ್ರೆ ಬರೆದರೆ ಅದು ವಸ್ತುವಾಗಿಯೇ ಉಳಿಯುತ್ತಿತ್ತು. ನಲ್ಲಿಯಿಂದ ನೀರು ಬೀಳುತ್ತಿದ್ದರೆ, ಪಾತ್ರೆಯಿಂದ ಹಬೆ ಏಳುತ್ತಿದ್ದರೆ ಕೆಲಸವೆಂದು ತಿಳಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೂ ಹಲವರು ಮುಟ್ಟಲು ಹಿಂಜರಿದರು. ಈ ಪೆಟ್ಟಿಗೆಗೂ ತಮಗೆ ಸಿಗುವ ಕೆಲಸಕ್ಕೂ ಏನು ಸಂಬಂಧ ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಮಾಲೀಕರು ಮಾಹಿತಿ ಕೊಡುವುದು, ಅದು ಈ ಯಂತ್ರಕ್ಕೆ ಬರುವುದು, ಒಬ್ಬಾಕೆ ನೋಡಿ ಕೆಲಸ ಹಿಡಿಯುವುದು ಇಷ್ಟನ್ನೂ ನಾಟಕದಂತೆ ತೋರಿಸುವ ಕಿರುವಿಡಿಯೊ ಸೇರಿಸಿದ ಮೇಲೆ ಕೈಗಳು ಮುಂದೆ ಬಂದವು.

ಗೂಗಲ್‌ನಲ್ಲಿ ಸಂಶೋಧಕಿಯಾಗಿದ್ದ ನಿತ್ಯಾ ಸಾಂಬಶಿವನ್ ಮತ್ತು ಸಹೋದ್ಯೋಗಿಗಳು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಮಹಿಳೆಯರನ್ನು ಮಾತಾಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದು ಫೋನಿಗೆ ಒಬ್ಬರೇ ಒಡೆಯರು ಎಂಬ ಕಂಪನಿಗಳ ನಂಬಿಕೆಯನ್ನು ಅಲುಗಿಸಿತು. ಇಲ್ಲಿ ಹೆಂಗಸರ ಫೋನು ಗಂಡನ ಕೈಗೂ ಮಕ್ಕಳ ಕೈಗೂ ಅತ್ತೆಯ ಕೈಗೂ ಹೋಗುತ್ತದೆ. ಕೊಡುವುದಿಲ್ಲ ಎನ್ನುವಂತಿಲ್ಲ. ಆದ್ದರಿಂದ ಅವರು ಆ್ಯಪ್‌ಗೊಂದು ಬೀಗ ಹಾಕುತ್ತಾರೆ, ಬೇಕಾದ್ದನ್ನಷ್ಟೇ ಆರಿಸಿ ಅಳಿಸುತ್ತಾರೆ, ಎಷ್ಟೋ ಸಲ ಬಳಸುವುದನ್ನೇ ಬಿಡುತ್ತಾರೆ. ಬೆಂಗಳೂರಿನಲ್ಲೇ ಪದ್ಮಿನಿ ರೇ ಮರ್ರೆ ಮತ್ತು ಗೆಳೆಯರು ಕಟ್ಟಿದ ‘ಡಿಸೈನ್ ಬೇಕು’ ಎಂಬ ಬಳಗ ತಂತ್ರಜ್ಞಾನದ ನೈತಿಕತೆಯ ಕುರಿತು ಕೆಲಸ ಮಾಡುತ್ತಿದೆ. ಹೆಸರಿನ ಅರ್ಧ ಕನ್ನಡ.

ವೃತ್ತಿಯ ಒಳಗೆ

ಈ ಕ್ಷೇತ್ರಕ್ಕೆ ಬರಲು ಒಂದೇ ದಾರಿಯಿಲ್ಲ, ಮಹಿಳೆಯರಿಗೆ ಅನುಕೂಲವಾದದ್ದೂ ಅದೇ. ಸೀಡ್ ಪ್ರವೇಶ ಪರೀಕ್ಷೆ ಬರೆದು ವಿನ್ಯಾಸದಲ್ಲಿ ಎಂ.ಡಿಸ್ ಮಾಡಿದವರ ಪಕ್ಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರ್, ಆರ್ಕಿಟೆಕ್ಟ್, ಮನಃಶಾಸ್ತ್ರ ಓದಿದವರು, ಪತ್ರಿಕೋದ್ಯಮ ಬಿಟ್ಟು ಬಂದವರು ಕೂತಿರುತ್ತಾರೆ. ಹುದ್ದೆಗಳೂ ಹಲವು: ಬಳಕೆದಾರರನ್ನು ಕಂಡು ಬರುವ ರಿಸರ್ಚರ್, ಪರದೆಯ ಕಚ್ಚಾ ನಕ್ಷೆ (ವೈರ್‌ಫ್ರೇಮ್) ಎಳೆದು ಫಿಗ್ಮಾ ತಂತ್ರಾಂಶದಲ್ಲಿ ಪ್ರೊಟೊಟೈಪ್ ಮಾಡುವ ಡಿಸೈನರ್, ಗುಂಡಿಯ ಮೇಲಿನ ಎರಡು ಪದಕ್ಕಾಗಿ ಎರಡು ದಿನ ಜಗಳವಾಡುವ ಯುಎಕ್ಸ್ ರೈಟರ್. ರಿಸರ್ಚ್ ಮತ್ತು ರೈಟಿಂಗ್ ಹೆಂಗಸರಿಗೆ, ತಂಡದ ಮುಂದಾಳತ್ವ ಗಂಡಸರಿಗೆ ಎಂಬ ಅಲಿಖಿತ ಹಂಚಿಕೆ ಹಲವು ಕಡೆ ಇದೆ. ಖರ್ಚು ಕಡಿತದ ಕಾಲದಲ್ಲಿ ಕತ್ತರಿ ಮೊದಲು ಬೀಳುವುದು ಸಾಮಾನ್ಯವಾಗಿ ರಿಸರ್ಚ್ ಮೇಲೆ.

ಕ್ಷೇತ್ರಕಾರ್ಯದಲ್ಲಿ ಹೆಣ್ಣಾಗಿರುವುದು ಅನುಕೂಲವೂ ಹೌದು, ತೊಡಕೂ ಹೌದು. ಹಳ್ಳಿಯ ಮನೆಯೊಂದರ ಜಗಲಿಯಲ್ಲಿ ಕೂತು ‘ಅಕ್ಕಾ, ಫೋನಲ್ಲಿ ದುಡ್ಡು ಹೇಗೆ ಕಳಿಸ್ತೀರಿ, ಒಂದ್ಸಲ ತೋರಿಸ್ತೀರಾ?’ ಎಂದು ರಿಸರ್ಚರ್ ಕೇಳುತ್ತಾಳೆ. ಉತ್ತರ ಬರುವುದು ಗಂಡನಿಂದ: ‘ಅವಳಿಗೇನ್ ಗೊತ್ತಾಗುತ್ತೆ ಮೇಡಂ, ನನ್ನ ಕೇಳಿ.’ ಪಳಗಿದವರು ಜೋಡಿಯಾಗಿ ಹೋಗುತ್ತಾರೆ. ಒಬ್ಬರು ಯಜಮಾನರ ಜೊತೆ ಅಡಿಕೆ ಧಾರಣೆಯ ಮಾತು ತೆಗೆಯುತ್ತಾರೆ. ಇನ್ನೊಬ್ಬಳು ‘ಅಕ್ಕಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ’ ಎಂದು ಅಡುಗೆಮನೆಗೆ ನಡೆಯುತ್ತಾಳೆ. ಪಿನ್ ನಂಬರು ಡಬ್ಬದ ಮುಚ್ಚಳದ ಒಳಗೆ ಪೆನ್ನಿನಲ್ಲಿ ಬರೆದಿರುವುದು ಕಣ್ಣಿಗೆ ಬೀಳುವುದು ಅಲ್ಲೇ. ಗಂಡಸು ಸಂಶೋಧಕನಿಗೆ ಆ ಹೊಸ್ತಿಲು ಸುಲಭವಾಗಿ ದಾಟಲು ಬರುವುದಿಲ್ಲ. ಆದರೆ ವರದಿಯಲ್ಲಿ ಇದೆಲ್ಲ ಒಂದು ಸ್ಲೈಡ್ ಆಗುತ್ತದೆ. ಅಡುಗೆಮನೆ ತಲುಪಿದ ಬಗೆ ಅದರಲ್ಲಿ ಇರುವುದಿಲ್ಲ.

ಮಧ್ಯದಲ್ಲಿ ಕೆಲಸ ಬಿಟ್ಟು ಮರಳುವುದು ಇಲ್ಲಿ ಸುಲಭವಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ರಜೆಯ ನಂತರ ಎರಡು ವರ್ಷ ಮನೆಯಲ್ಲಿ ಉಳಿದವರ ಸಮಸ್ಯೆ ಬೇರೆ. ಸಂದರ್ಶನದಲ್ಲಿ ಮೊದಲು ಕೇಳುವುದು ಪೋರ್ಟ್‌ಫೋಲಿಯೊ. ಹಿಂದೆ ಮಾಡಿದ ಒಳ್ಳೆಯ ಕೆಲಸವೆಲ್ಲ ಕಂಪನಿಯ ಗೋಪ್ಯತೆಯ ಕರಾರಿನೊಳಗೆ ಬೀಗ ಹಾಕಿಕೊಂಡಿರುತ್ತದೆ, ತೋರಿಸುವಂತಿಲ್ಲ. ಬಿಡುವಿನಲ್ಲಿ ಸ್ವಂತಕ್ಕೆ ಮಾಡಿದ ಪ್ರಾಜೆಕ್ಟ್ ಇದೆಯೇ ಎನ್ನುತ್ತಾರೆ. ಎಳೆಮಗುವಿನ ತಾಯಿಗೆ ಬಿಡುವು ಎಲ್ಲಿಂದ ಬರಬೇಕು ಎಂದು ಕೇಳಿದ ಸಂದರ್ಶಕರು ಕಡಿಮೆ.

ಮಹಿಳೆಯರಿಲ್ಲದಿದ್ದರೆ ಏನಾಗುತ್ತದೆ

ಆ್ಯಪಲ್ 2014ರಲ್ಲಿ ಆರೋಗ್ಯದ ಆ್ಯಪ್ ಬಿಡುಗಡೆ ಮಾಡಿದಾಗ ರಕ್ತದೊತ್ತಡ, ಉಸಿರಾಟ, ಸೋಡಿಯಂ ಸೇವನೆ ಎಲ್ಲವನ್ನೂ ದಾಖಲಿಸಬಹುದಿತ್ತು. ಮುಟ್ಟಿನ ದಿನವನ್ನು ಮಾತ್ರ ಆಗುತ್ತಿರಲಿಲ್ಲ. ಮರುವರ್ಷ ಸೇರಿಸಿದರು. ಗಿಲ್‌ಬ್ರೆತ್ ಸಾವಿರ ಹೆಂಗಸರನ್ನು ಕೇಳಿ ಆಗಲೇ ಸುಮಾರು 88 ವರ್ಷವಾಗಿತ್ತು.

ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಬರ್ನೆಟ್ ಮತ್ತು ತಂಡ ಇಂಥ ಕೊರತೆಯನ್ನು ಮೊದಲೇ ಹಿಡಿಯಲು ‘ಜೆಂಡರ್‌ಮ್ಯಾಗ್’ ಎಂಬ ವಿಧಾನ ರೂಪಿಸಿದೆ. ‘ಆ್ಯಬಿ’ ಎಂಬ ಕಾಲ್ಪನಿಕ ಬಳಕೆದಾರಳ ಕಣ್ಣಿನಿಂದ ಪರದೆಯನ್ನು ಹೆಜ್ಜೆಹೆಜ್ಜೆಗೂ ನೋಡುತ್ತ ಹೋಗಬೇಕು. ಆ್ಯಬಿ ಕಂಡ ಗುಂಡಿಯನ್ನೆಲ್ಲ ಒತ್ತಿ ನೋಡುವವಳಲ್ಲ. ಪೂರ್ತಿ ಓದಿಕೊಂಡು ಮುಂದೆ ಹೋಗುವವಳು, ತಪ್ಪಾದರೆ ತನ್ನದೇ ತಪ್ಪೆಂದು ತಿಳಿಯುವವಳು. ಆಕೆ ಎಡವುವ ಕಡೆ ಎಷ್ಟೋ ಗಂಡಸರೂ ಎಡವುತ್ತಾರೆ ಎಂಬುದು ಈ ವಿಧಾನದ ಸ್ವಾರಸ್ಯ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಭಾರತದಲ್ಲಿ ಇಂಟರ್ನೆಟ್ಟನ್ನು ಒಮ್ಮೆಯಾದರೂ ಬಳಸಿದ ಮಹಿಳೆಯರು ಶೇ 33, ಪುರುಷರು ಶೇ 57. ಕರ್ನಾಟಕದಲ್ಲಿ ಶೇ 35 ಮತ್ತು ಶೇ 62. ತಮ್ಮದೇ ಬಳಕೆಗೆ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ 54. ಇನ್ನು ಮುಂದೆ ಬರಬೇಕಾದ ಬಳಕೆದಾರರಲ್ಲಿ ಹೆಂಗಸರೇ ಹೆಚ್ಚು, ಮತ್ತು ಅವರು ಬರುವುದು ತಮ್ಮ ನುಡಿಯಲ್ಲಿ.

ಕನ್ನಡದ ಪರದೆಗಳಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ಮೊದಲ ತೊಂದರೆ ಒತ್ತಕ್ಷರದ್ದು. ಗುಂಡಿಯ, ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವುದು ಜಿ, ವೈ ಮೊದಲಾದ ಕೆಲವೇ ಅಕ್ಷರಗಳ ಬಾಲ, ಅದೂ ಸ್ವಲ್ಪ. ನಮ್ಮಲ್ಲಿ ಒಂದರ ಕೆಳಗೊಂದು ಒತ್ತು ತೂಗಬಹುದು. ಅರ್ಜಿಯಲ್ಲಿ ಲಿಂಗ ಯಾವುದೆಂದು ಆರಿಸುವ ಪಟ್ಟಿ ತೆರೆದರೆ ‘ಪುರುಷ’ ನೆಟ್ಟಗೆ ಕೂತಿರುತ್ತದೆ. ‘ಸ್ತ್ರೀ’ ಪದದ ತಕಾರ, ರಕಾರ ಎರಡೂ ಒತ್ತುಗಳು ಪಟ್ಟಿಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿ, ‘ಸೀ’ ಎಂದಷ್ಟೇ ಓದಲು ಸಿಗುತ್ತದೆ. ಸಾಲಿನ ಎತ್ತರವನ್ನು ತುಸು ಹೆಚ್ಚಿಸುವುದಷ್ಟೇ ಇದಕ್ಕೆ ಪರಿಹಾರ. ಕೋಡಿನಲ್ಲಿ ಬದಲಾಗಬೇಕಾದ್ದು ಒಂದೇ ಸಾಲು.